ದೂರದ ಮೂಲೆ

ಕಟುಕ ರಾಡೋಯೆ ಎರಡನೇ ಸಲ ಕೆನ್ನೆಗೆ ಬಾರಿಸಿದಾಗಲೂ ಬಾಕ್ಸರ್ ವೇಲಿಮಿರ್ ಜೇಬಿನಿಂದ ಕೈ ತೆಗೆಯಲಿಲ್ಲ. ಹೆಂಡದಂಗಡಿಯ ತುಂಬ ನಗು.

"ಏನೋ ಚಾಂಪಿಯನ್, ಗಂಟೆ ಹೊಡೆದ್ರೆ ಮಾತ್ರಾನಾ ನಿನ್ನ ಗಂಡಸ್ತನ?"

"ಬೇಡಣ್ಣ, ನಿನ್ನ ದಮ್ಮಯ್ಯ. ಕುಡಿದಿದ್ದೀಯ, ಮನೆಗೆ ಹೋಗು."

ರಾಡೋಯೆಯೇ ಆ ಕೈಗಳನ್ನು ಜೇಬಿನಿಂದ ಹೊರಗೆಳೆದು, ಮತ್ತೆ ಮುಷ್ಟಿ ಬೀಸಿದ. ತಾನು ಯಾವಾಗ ಹೊಡೆದೆನೆಂದು ವೇಲಿಮಿರ್‌ಗೇ ತಿಳಿಯಲಿಲ್ಲ. ಕಟುಕನ ತಲೆ ಕಬ್ಬಿಣದ ಒಲೆಯ ಅಂಚಿಗೆ ಬಡಿಯಿತು. ಬಿದ್ದವನು ಅಲುಗಲಿಲ್ಲ.

ವೇಲಿಮಿರ್ ತಿರುಗಿ, ನೆಟ್ಟಗೆ ಎದುರಿನ ಮೂಲೆಗೆ ನಡೆದು, ಗೋಡೆಗೆ ಬೆನ್ನು ಕೊಟ್ಟು ನಿಂತ. ರಿಂಗಿನಲ್ಲಿ ವರ್ಷಗಟ್ಟಲೆ ಹಾಗೇ ನಿಂತವನು. ಎದುರಾಳಿ ಬಿದ್ದರೆ ದೂರದ ಮೂಲೆಗೆ ಹೋಗಬೇಕು. ಆಮೇಲೇ ರೆಫರಿ ಎಣಿಸುವುದು. ಹತ್ತು ಎನ್ನುವುದರೊಳಗೆ ಬಿದ್ದವನು ಏಳುತ್ತಾನೆ, ಎಷ್ಟೋ ಸಲ.



"ಎಣಿಸ್ರಪ್ಪಾ," ಮೂಲೆಯಿಂದಲೇ ಅವನು ಗೋಗರೆದ. "ಯಾರಾದ್ರೂ ಎಣಿಸ್ರಪ್ಪಾ."