ಹೇಳಲಾಗದ ಹೆಸರು

ಈ ಹೆಂಗಸು ಏನನ್ನೋ ಮುಚ್ಚಿಡುತ್ತಿದ್ದಾಳೆ ಎಂದು ಸತೀಶಕುಮಾರನಿಗೆ ಕಂಡ ಕೂಡಲೇ ಅನಿಸಿತು. ಬಿಲ್ಲಿಂಗ್ ಕಿಟಕಿಯ ಆಚೆ ನಿಂತವರ ಮುಖ ಓದುವುದೇ ಅವನ ಕಸುಬು.

ಹುಮನಾಬಾದಿನ ಆ ಖಾಸಗಿ ಆಸ್ಪತ್ರೆಯ ಬಾಗಿಲಲ್ಲಿ ಟಂಟಂ ಆಟೋ ಒಂದು ಇಬ್ಬರನ್ನು ಇಳಿಸಿ ಹೋಗಿತ್ತು. ಒಬ್ಬ ಗಂಡಸು. ಬಸವಕಲ್ಯಾಣದ ರಸ್ತೆಯಲ್ಲಿ ಲಾರಿ ಬಡಿದು ಎಚ್ಚರ ತಪ್ಪಿದ್ದ. ಇನ್ನೊಬ್ಬಳು ಗಯಾಬಾಯಿ, ಘಾಟಬೋರಾಳದ ಕೂಲಿ ಹೆಂಗಸು. ದಾರಿಯುದ್ದಕ್ಕೂ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಂದಿದ್ದಳು. ಅವಳ ಮಡಿಲೆಲ್ಲ ರಕ್ತ.

ಕಿಟಕಿಯ ಪಕ್ಕದ ಯಂತ್ರ ಮಾತಾಡಿತು. “ರೋಗಿಯ ಹೆಬ್ಬೆರಳನ್ನು ಇಡಿ.” ಹೆಬ್ಬೆರಳು ಜಜ್ಜಿಹೋಗಿತ್ತು. “ರೋಗಿಯ ಮುಖವನ್ನು ತೋರಿಸಿ.” ಮುಖ ಬಾತು ಗುರುತು ಉಳಿದಿರಲಿಲ್ಲ. “ದಯವಿಟ್ಟು ರೋಗಿಯ ಹೆಸರನ್ನು ಹೇಳಿ.”

ಗಯಾಬಾಯಿ ಸೆರಗನ್ನು ಹಣೆಯ ಮೇಲೆ ಎಳೆದುಕೊಂಡು ತಲೆ ತಗ್ಗಿಸಿದಳು.

“ಹೆಸರು ಹೇಳು ಬಾಯಿ, ಜಲ್ದಿ!” ಎಂದು ಸತೀಶ ಗದರಿದ.

“ನನ್ನಿಂದ ಆಗೂದಿಲ್ರಿ.”

“ಯಾಕ? ನಾಲಿಗಿ ಮನ್ಯಾಗ ಇಟ್ಟು ಬಂದೀಯೇನು?”

ಯಂತ್ರ ಮತ್ತೆ ಅದೇ ಮಾತನ್ನು ಅದೇ ವಿನಯದಿಂದ ಕೇಳಿತು.

ಆ ಯಂತ್ರ ಬಂದ ಮೇಲೆ, ಸತೀಶ ಮೊದಲು ಕೆಲಸಕ್ಕಿದ್ದ ಆಸ್ಪತ್ರೆಯ ಬಸವಕಲ್ಯಾಣದ ಲೆಕ್ಕದ ಕಚೇರಿಗೆ ಬೀಗ ಬಿತ್ತು. ಜೊತೆಗಾರರೆಲ್ಲ ಕೆಲಸ ಕಳೆದುಕೊಂಡು ಮನೆಗೆ ಹೋದರು. ಜನರ ಬೈಗುಳ ಕೇಳಲು ಒಬ್ಬ ಮನುಷ್ಯ ಬೇಕಲ್ಲ, ಅದಕ್ಕೆಂದು ಅವನನ್ನು ಇಲ್ಲಿ ಕೂರಿಸಿದ್ದರು. ಈಚೆಗೆ ವಿಮೆಯ ಕಾರ್ಡಿಲ್ಲದೆ ಬರುವವರೇ ಹೆಚ್ಚು. ಅಂಥವರ ಫೈಲ್ ಒಂದೊಂದೂ ಪರದೆಯ ಮೇಲೆ ಅವನ ಹೆಸರಿನ ಕೆಳಗೆ ಬಾಕಿಯೆಂದು ಕೆಂಪಾಗಿ ನಿಲ್ಲುತ್ತಿತ್ತು. ಮೊದಮೊದಲು ಅವರನ್ನು ಕಂಡರೆ ಅವನಿಗೆ ಮರುಕ. ಆಮೇಲೆ ಭಯ. ಈಗ ಬರೀ ಸಿಟ್ಟು.

ಡಾಕ್ಟರ್ ವರ್ಷಾ ಧಾವಿಸಿ ಬಂದಳು. “ಫೈಲ್ ಆತೇನ್ರಿ? ಹೊಟ್ಯಾಗ ರಕ್ತ ಸೋರಾಕತ್ತೈತಿ. ಈಗ ಆಪರೇಷನ್ ಮಾಡಿದ್ರ ಉಳೀತಾನ.”

“ಹೆಸರಿಲ್ಲ, ಹಿಂದ ಹೊಣಿ ನಿಲ್ಲೋ ಮನಿಯವರಿಲ್ಲ ಅಂದ್ರ ಯಂತ್ರ ಫೈಲ್ ತಗಿಯೂದಿಲ್ರಿ ಮೇಡಂ. ಬೀದರ ಸರಕಾರಿ ದವಾಖಾನಿಗೆ ಕಳಸ್ರಿ.”

“ಬೀದರ ಮುಟ್ಟೂತನಕ ಇರೂದಿಲ್ಲಾಂವ.”

ಗಯಾಬಾಯಿ ಇಬ್ಬರ ಮುಖವನ್ನೂ ನೋಡಿದಳು. ಮುಂದೆ ಬಂದು ಕಿಟಕಿಯ ಕಂಬಿ ಹಿಡಿದಳು. ಬಾಯಿ ತೆರೆದಳು.

ನೆಲ ಒರೆಸುತ್ತಿದ್ದ ಮುನ್ನಿ ಬೀ ಸೊಂಟ ನೆಟ್ಟಗೆ ಮಾಡಿಕೊಂಡಳು. “ಏನ್ ಸಾಬ್ ನೀವು! ಗಂಡನ ಹೆಸರು ಹೆಣ್ತಿ ಬಾಯಾಗ ಹ್ಯಾಂಗ ಬರ್ತೈತಿ? ನಮ್ಮ ಅಮ್ಮೀ ಸಾಯೂತನಕ ಅಬ್ಬಾನ ಹೆಸರು ತಗೀಲಿಲ್ಲ. ರೇಶನ್ ಅಂಗಡ್ಯಾಗ ಕೇಳಿದ್ರ ನನ್ನ ಮುಂದ ನೂಕ್ತಿದ್ಳು.”

ಗಯಾಬಾಯಿ ಥಟ್ಟನೆ ಕತ್ತೆತ್ತಿ ಮುನ್ನಿ ಬೀಯನ್ನು ನೋಡಿದಳು. ತುಸು ಹೊತ್ತು ಹಾಗೆಯೇ ನೋಡಿದಳು. ಆಮೇಲೆ ಸೆರಗನ್ನು ಇನ್ನಷ್ಟು ಕೆಳಗೆಳೆದಳು.

ಸೆರಗು ಸರಿದಾಗ ಬರಿಗೊರಳು ಸತೀಶನ ಕಣ್ಣಿಗೆ ಬಿತ್ತು. “ಮತ್ತ ತಾಳಿ ಎಲ್ಲಿ? ದವಾಖಾನಿಗೆ ಬರೂಮುಂದ ಬಂಗಾರ ಬಿಚ್ಚಿಟ್ಟು ಬಡವರ ಸೋಗು ಹಾಕ್ತೀರಿ, ನನಗ ಗೊತ್ತಿಲ್ಲೇನು?”

“ಅದನ್ನ ಬಿಚ್ಚಿ ಬಾಳ ದಿನ ಆತ್ರಿ.”

“ಅಡವಿಟ್ಟಿ ಅನ್ನು. ನಖರಾ ಸಾಕು.”

“ಸಮಾಧಾನದಿಂದ ಕೇಳಬೇಕು ಸಾಬ್, ಬೈದು ಕೇಳೂದಲ್ಲ,” ಎಂದಳು ಮುನ್ನಿ ಬೀ. “ಹೇಳು ಅಕ್ಕಾ, ಬಾಯಿಲೆ ಬ್ಯಾಡ, ಸನ್ನೀ ಮಾಡು. ಯಾವ ದೇವರ ಹೆಸರು ಇಟ್ಟಾರ ಅವಗ?”

ಗಯಾಬಾಯಿಗೆ ಅದು ಕೇಳಿಸಿತೋ ಇಲ್ಲವೋ. ಅವಳು ಗೋಡೆಯ ಕಡೆ ತಿರುಗಿ, ಅಲ್ಲಿದ್ದ ಕ್ಯಾಲೆಂಡರಿನ ನರಸಿಂಹ ಸ್ವಾಮಿಗೆ ಎರಡೂ ಕೈ ಮುಗಿದು ಕಣ್ಣು ಮುಚ್ಚಿದ್ದಳು.

“ನರಸಿಂಗ!” ಮುನ್ನಿ ಬೀ ಚಪ್ಪಾಳೆ ತಟ್ಟಿದಳು. “ಬರಕೋರಿ ಸಾಬ್!”

ಯಂತ್ರ ಆ ಹೆಸರನ್ನು ಒಪ್ಪಿಕೊಂಡಿತು. ವಯಸ್ಸು ಕೇಳಿತು.

“ನೋಡಿದ್ರ ಎಷ್ಟು ಕಾಣತೈತಿ, ಅಷ್ಟು ಹಾಕ್ರಿ,” ಎಂದಳು ಗಯಾಬಾಯಿ.

ಯಾವ ಔಷಧಿ ಆಗಿಬರುವುದಿಲ್ಲ ಎಂದು ಕೇಳಿತು.

“ನನ್ನ ಮುಂದ ಏನೂ ಹೇಳಿಲ್ರಿ.”

ಸಂಬಂಧ ಕೇಳಿತು. ಸತೀಶ ಅವಳನ್ನು ಕೇಳುವ ಗೋಜಿಗೆ ಹೋಗದೆ ‘ಹೆಂಡತಿ’ ಎಂದು ಒತ್ತಿದ.

“ಕೇಳಿಲ್ಲಿ. ಹೆಬ್ಬೆಟ್ಟು ಒತ್ತಿದಿ ಅಂದ್ರ ಬಿಲ್ಲೆಲ್ಲ ನಿನ್ನ ತಲಿ ಮ್ಯಾಲೆ. ತಪ್ಪಿಸ್ಕೊಂಡು ಹೋದ್ರ ಘಾಟಬೋರಾಳಕ್ಕ ಬಂದು ನಿನ್ನ ಮನಿ ಮುಂದ ನಿಂತು ಮಾನ ಕಳೀತೀನಿ. ನನ್ನ ನೌಕರಿ ನಿನ್ನಂಥವರಿಂದ ಹೊಂಟೈತಿ.”

“ಎಲ್ಲಿಗೂ ಹೋಗೂದಿಲ್ರಿ. ಕೂಲಿ ಮಾಡಿ ತೀರಸ್ತೀನಿ. ಮೊದಲ ಅವರನ್ನ ಒಳಗ ತಗೋರಿ.”

ಅವಳು ಹೆಬ್ಬೆರಳಿನ ರಕ್ತವನ್ನು ಸೀರೆಗೆ ಒರೆಸಿಕೊಂಡು ಯಂತ್ರದ ಗಾಜಿನ ಮೇಲೆ ಒತ್ತಿದಳು. “ಧನ್ಯವಾದಗಳು,” ಎಂದಿತು ಯಂತ್ರ. ಸ್ಟ್ರೆಚರ್ ಒಳಗೆ ಹೋಯಿತು. ಪರದೆಯ ಮೇಲೆ ಇನ್ನೊಂದು ಕೆಂಪು ಗೆರೆ ಮೂಡಿತು.

ಸಂಜೆ ಬಸವಕಲ್ಯಾಣದ ಬಸ್ಸಿಗೆ ಹೊರಡುವ ಮುನ್ನ ಸತೀಶ ವಾರ್ಡಿನ ಬಾಗಿಲಿಗೆ ಹೋದ. ಅವಳು ಓಡಿಹೋಗಿರುತ್ತಾಳೆ ಎಂದೇ ಅವನ ಎಣಿಕೆ. ಓಡಿಹೋಗಿರಲಿಲ್ಲ. ಮಂಚದ ಪಕ್ಕದಲ್ಲಿ ಕುಳಿತು, ಒದ್ದೆ ಬಟ್ಟೆಯಿಂದ ಗಾಯಾಳುವಿನ ತುಟಿ ತೋಯಿಸುತ್ತಿದ್ದಳು. ಡಾಕ್ಟರ್ ಹೇಳಿದಂತೆ ಅವನು ಉಳಿದಿದ್ದ.

ಅವನ ಒಂದು ಕಣ್ಣು ಮೆಲ್ಲಗೆ ತೆರೆಯಿತು. ಇನ್ನು ಅಳುವ ನಾಟಕ ಶುರುವಾಗುತ್ತದೆ ಎಂದುಕೊಂಡ ಸತೀಶ, ತುಟಿ ಕೊಂಕಿಸಿ ಅಲ್ಲೇ ನಿಂತ.

ಗಯಾಬಾಯಿ ಅವನ ಕಿವಿಯ ಹತ್ತಿರ ಬಗ್ಗಿದಳು. “ಯಣ್ಣಾ, ನಿನ್ನ ಹೆಸರೇನು? ಯಾವೂರಾಂವ ನೀ? ನಿನ್ನ ಹೆಣ್ತಿಗೆ ಹೇಳಿ ಕಳಸಬೇಕು.”