ಕೆಂಪು ತುರಾಯಿಯ ಶಿರಸ್ತ್ರಾಣ

ಹದ್ದಿನ ಧ್ವಜಕ್ಕೆ ಮಂಡಿಯೂರಿ ವಂದಿಸಿದ ನೆವಿಲ್‌ನ ಬಲಮಂಡಿ ಅಲ್ಲೇ ಹಿಡಿದುಕೊಂಡುಬಿಟ್ಟಿತು. ಹಳೇ ರೋಮನ್ ಕೋಟೆಯ ಬಯಲಲ್ಲಿ ಹವ್ಯಾಸಿಗಳ ಸೇನಾ ಪ್ರದರ್ಶನವನ್ನು ಮುನ್ನೂರು ಜನ ನೋಡುತ್ತಿದ್ದಾರೆ, ದಳನಾಯಕನ ವೇಷದವನಿಗೆ ಏಳಲಾಗುತ್ತಿಲ್ಲ. ನಾಯಕ ಏಳದೆ ಯಾರೂ ಏಳಕೂಡದೆಂಬುದು ಅವನದೇ ಕಟ್ಟಪ್ಪಣೆ. ಹಿಂದೆ ಇಪ್ಪತ್ತು ಸೈನಿಕರೂ ಕೂತೇ ಇದ್ದರು. ಇದೇನೋ ಪ್ರಾರ್ಥನೆಯೆಂದು ಪ್ರೇಕ್ಷಕರು ಟೋಪಿ ತೆಗೆದರು.

“ಏಳೋ ಮಾರಾಯ,” ಉಪನಾಯಕ ಡಂಕನ್ ಹಿಂದಿನಿಂದ ಪಿಸುಗುಟ್ಟಿದ.

“ಆಗ್ತಿಲ್ಲ ಕಣೋ,” ಅಂದುಬಿಟ್ಟ ನೆವಿಲ್, ಹೇಳಬಾರದಿತ್ತು ಅಂದುಕೊಂಡ. ನಾಯಕನ ಕೆಂಪು ತುರಾಯಿಯ ಶಿರಸ್ತ್ರಾಣದ ಮೇಲೆ ಡಂಕನ್ ಆರು ವರ್ಷದಿಂದ ಕಣ್ಣಿಟ್ಟಿದ್ದ. ಮಂಡಿಯ ಗುಟ್ಟು ರಟ್ಟಾದರೆ ಅದು ಇವತ್ತೇ ಅವನ ತಲೆಗೆ.

ಡಂಕನ್ ಕೋಲೆತ್ತಿ ಗರ್ಜಿಸಿದ: “ನಾಯಕರಿಗೆ ಜಯವಾಗಲಿ! ಎತ್ರೋ!” ಎಂಟು ಜನ ನೆವಿಲ್‌ನನ್ನು ಕೂತ ಭಂಗಿಯಲ್ಲೇ ಗುರಾಣಿಗಳ ಮೇಲೆ ಹೊತ್ತು ಬಯಲು ಸುತ್ತಿದರು. ಚಪ್ಪಾಳೆಯೋ ಚಪ್ಪಾಳೆ. ಕೋಟೆಯ ಮೇಲ್ವಿಚಾರಕಿ ಓಡಿಬಂದಳು: “ಅದ್ಭುತ! ಮಧ್ಯಾಹ್ನ ಮೂರು ಗಂಟೆಗಿರೋ ಪ್ರದರ್ಶನದಲ್ಲೂ ನಾಯಕರನ್ನ ಹೀಗೇ ಹೊತ್ಕೊಂಡು ಬನ್ನಿ!”

ಮಾನ ಉಳಿಸಿದ ಗೆಳೆಯನ ಕಡೆಗೆ ನೆವಿಲ್ ಬಾಗಿದ. ಶಿರಸ್ತ್ರಾಣ ಬಿಚ್ಚಿ ಮೇಲಿನಿಂದಲೇ ಚಾಚಿದ: “ತಗೊಳ್ಳೋ, ಮೂರು ಗಂಟೆಗೆ ನೀನೇ ನಾಯಕ.”

ಡಂಕನ್ ಕೈ ಮುಂದೆ ಮಾಡಿದ. ಏದುಸಿರು ಬಿಡುತ್ತಿದ್ದ ಎಂಟೂ ಜನ ಅವನ ಗುಡಾಣದಂಥ ಹೊಟ್ಟೆ ನೋಡಿ ಒಂದೇ ಉಸಿರಲ್ಲಿ ಕೂಗಿದರು: “ಅಯ್ಯೋ ಬೇಡ! ನೆವಿಲ್ಲೇ ಇರಲಿ!”