ಪಾದ ಮಾತ್ರ

"ಪಾದ ಮಾತ್ರ ನೋಡಿ ಡಾಕ್ಟರ್ ಸಾಬ್. ಹಿಮ್ಮಡಿಯಿಂದ ಮೇಲಕ್ಕೆ ಬೇಡ," ಎಂದರು ಏಜಾಜ್ ಸಾಹೇಬರು.

ನಡುಮನೆಗೆ ಅಡ್ಡಲಾಗಿ ಹಗ್ಗ ಬಿಗಿದು ಹೂವಿನ ಚಿತ್ತಾರದ ಹಳೆಯ ಬೆಡ್‌ಶೀಟು ಇಳಿಬಿಟ್ಟಿದ್ದರು. ಕೆಳಗೆ ಒಂದು ಗೇಣು ಸಂದಿ. ಆ ಸಂದಿಯಿಂದ ಬಲಗಾಲೊಂದು ಮೆಲ್ಲಗೆ ಸರಿದು ಚಾಪೆಯ ಮೇಲೆ ಬಂದು ನಿಂತಿತು.

ಕದಿರೇಶನಿಗೆ ರೇಗಿತು. ಸರ್ಕಾರಿ ಡಾಕ್ಟರಾಗಿ ಮುಳಬಾಗಿಲಿಗೆ ಬಂದಮೇಲೆ ಅವನು ಎತ್ತಿನ ಗಾಡಿಯೊಳಗೆ, ಸಂತೆಯ ಮರದಡಿ, ಎಲ್ಲೆಂದರಲ್ಲಿ ಕಾಲು ನೋಡಿದ್ದ. ಆನೆಕಾಲು, ಪೋಲಿಯೋ ಕಾಲು, ನರ ಉಬ್ಬಿದ ಕಾಲು. ಎಲ್ಲ ಕಾಲಿಗೂ ಮೇಲೆ ಒಂದು ಮುಖವಿರುತ್ತಿತ್ತು.

"ನಿನ್ನೆ ಒಲೆಯ ಕೆಂಡ ಬಿತ್ತಂತೆ," ಏಜಾಜ್ ಸಾಹೇಬರು ದನಿ ತಗ್ಗಿಸಿದರು. "ಚರ್ಮ ಸುಟ್ಟು ವಾಸನೆ ಬಂದಮೇಲೇ ಗೊತ್ತಾಗಿದ್ದು. ರಹಮತುನ್ನೀಸಾ ಅಂತ. ನಮ್ಮಣ್ಣನ ಸೊಸೆ. ಅವಳ ಗಂಡ ಲಿಯಾಖತ್ ಬಳೆ ವ್ಯಾಪಾರಕ್ಕೆ ಹೋಗಿದಾನೆ. ಅವನು ಬರೋದರೊಳಗೆ ಇತ್ಯರ್ಥ ಆಗ್ಬೇಕು."

"ಏನು ಇತ್ಯರ್ಥ?"

"ದೊಡ್ಡ ರೋಗ ಅಂದ್ರೆ ಸಂಜೆ ಬಸ್ಸಿಗೆ ಟೇಕಲ್. ಅವರಮ್ಮನ ಮನೆಗೆ."

ಪರದೆಯ ಹಿಂದೆ ಎಳೆಯ ದನಿಯೊಂದು ನಕ್ಕಿತು. "ಟಿಕೇಟು ಆಗಲೇ ತಗೊಂಡುಬಿಟ್ರಾ ಚಚ್ಚಾ?"

ಏಜಾಜ್ ಸಾಹೇಬರು ಆ ದನಿಗೆ ಕಿವಿಗೊಡಲಿಲ್ಲ. ಪರದೆಯ ಹಿಂದೆ ಸೊಸೆಯ ಪಕ್ಕ ಕೂತಿದ್ದ ಲಿಯಾಖತನ ತಾಯಿ ಖುರ್ಷೀದ್ ಬೇಗಮ್ಮನವರನ್ನು ಉದ್ದೇಶಿಸಿ, "ಭಾಭಿ, ಸೊಸೆಗೆ ಸ್ವಲ್ಪ ಬುದ್ಧಿ ಹೇಳಿ," ಎಂದರು. ಉತ್ತರ ಬರಲಿಲ್ಲ.

"ನಮ್ಮ ಭಾಭಿಗೆ ಹಿಂದೆ ಮುಂದೆ ಯಾರೂ ಇಲ್ಲ ಡಾಕ್ಟರ್ ಸಾಬ್. ಅಣ್ಣ ಹೋದಮೇಲೆ ನನ್ನ ನೆರಳಲ್ಲೇ ಇದಾರೆ. ನಾಳೆ ಅವರಿಗೂ ಅಂಟಿದ್ರೆ?"

ಅತ್ತೆಯ ಮೌನದ ಅರ್ಥ ಕದಿರೇಶನಿಗೆ ತಿಳಿಯಿತು. ಇಂಥ ತೀರ್ಪನ್ನು ಹೆಚ್ಚಿನ ಮನೆಗಳಲ್ಲಿ ಅತ್ತೆಯೇ ಬರೆದಿರುತ್ತಾಳೆ. ಓದಿ ಹೇಳುವವರು ಮಾತ್ರ ಗಂಡಸರು.

ಅವನು ಕುಕ್ಕರಗಾಲಲ್ಲಿ ಕೂತು ಹತ್ತಿಯನ್ನು ಎಳೆಯಾಗಿ ಹೊಸೆದ. "ಕಣ್ಣು ಮುಚ್ಕೊಳ್ಳಿ. ತಾಗಿದಾಗ ಹೂಂ ಅನ್ನಿ."

ಹೆಬ್ಬೆರಳಿಗೆ ಮುಟ್ಟಿಸಿದ. ಪರದೆಯ ಹಿಂದೆ ಗಾಜಿನ ಬಳೆ ಕಿಣಿ ಎಂದಿತು. "ಹೂಂ."

ಪಾದದ ಒಳಮಗ್ಗುಲು. ಬಳೆ. "ಹೂಂ."

ಪ್ರತಿ ಸಲವೂ ಮೊದಲು ಬಳೆ, ಆಮೇಲೆ ಒಂದಿಷ್ಟು ತಡೆದು ದನಿ. ನರ ಸೋತಿದೆ, ಸುದ್ದಿ ನಿಧಾನವಾಗಿ ತಲುಪುತ್ತಿದೆ ಎಂದುಕೊಂಡ.

ಹೊರಮಗ್ಗುಲಲ್ಲಿ ಬಣ್ಣ ಮಾಸಿದ ಮಚ್ಚೆಯೊಂದಿತ್ತು. ಅಲ್ಲಿಗೆ ಹತ್ತಿ ತಾಗಿಸಿದ. ಬಳೆಯೂ ಇಲ್ಲ, ದನಿಯೂ ಇಲ್ಲ. ಗುಂಡುಸೂಜಿಯ ಮೊನೆ ಒತ್ತಿದ. ಇಲ್ಲ. ಸುಟ್ಟ ಗುಳ್ಳೆಯ ಅಂಚು. ಅಲ್ಲೂ ಇಲ್ಲ. ಹಿಮ್ಮಡಿಯ ಮೇಲೆ ಬೆರಳಿಟ್ಟ. ಒಳಗಿನ ನರ ಸೆಣಬಿನ ಹುರಿಯಂತೆ ದಪ್ಪಗೆ ಉರುಳಿತು.

ಅಂಗಾಲು ಬತ್ತಿದ ಕೆರೆಯಂಗಳದಂತೆ ಒಡೆದಿತ್ತು. ಟೇಕಲ್ ಬೆಟ್ಟದ ಬುಡದಲ್ಲಿ ಬರಿಗಾಲಲ್ಲಿ ಬೆಳೆದ ಹುಡುಗಿ, ಪಾಪ. ದನಿಗಿಲ್ಲದ ಅಂಜಿಕೆಯೆಲ್ಲ ಪಾದಕ್ಕೆ ಇಳಿದಿತ್ತು. ಅದು ನಡುಗುತ್ತಲೇ ಇತ್ತು.

ಸುಟ್ಟ ಗಾಯ ತೊಳೆದು, ಮುಲಾಮು ಹಚ್ಚಿ, ಬಿಳಿ ಬಟ್ಟೆಯ ಪಟ್ಟಿ ಸುತ್ತಿದ. ಆಮೇಲೆ ಹೇಳಿದ:

"ಕುಷ್ಠವೇ. ಆದ್ರೆ ಹೆದರೋ ಕಾಲ ಹೋಯ್ತು. ಈ ವರ್ಷ ಹೊಸ ಮಾತ್ರೆ ಬಂದಿವೆ. ತಪ್ಪದೆ ನುಂಗಿದ್ರೆ ವಾಸಿಯಾಗುತ್ತೆ, ಇನ್ನೊಬ್ಬರಿಗೆ ಅಂಟೋದೂ ನಿಲ್ಲುತ್ತೆ. ಯಾರನ್ನೂ ಮನೆ ಬಿಡಿಸಬೇಕಾಗಿಲ್ಲ."

"ಟೇಕಲ್‌ನಲ್ಲಿ ಕೂತು ನುಂಗಲಿ," ಎಂದರು ಏಜಾಜ್ ಸಾಹೇಬರು.

"ನನಗೇನೋ ಟೇಕಲ್ ಇದೆ ಚಚ್ಚಾ," ಎಂದಿತು ದನಿ. "ತವರಿಲ್ಲದವರಿಗೆ ಈ ರೋಗ ಬಂದಿದ್ರೆ ಯಾವ ಬಸ್ಸಿಗೆ ಹತ್ತಿಸ್ತಿದ್ರಿ?"

"ಬಾಯಿ ಮುಚ್ಚು. ಗಂಟು ಕಟ್ಟು."

"ಕಟ್ಟಲ್ಲ. ಈ ಮನೇಲೇ ಇರ್ತೀನಿ. ಈ ಒಲೇಲೇ ರೊಟ್ಟಿ ಸುಡ್ತೀನಿ. ಒಂದು ಮಾತ್ರೇನೂ ತಪ್ಪಲ್ಲ, ಅದಕ್ಕೆ ನಾನು ಜಾಮೀನು. ಆಚೆ ಹಾಕೋರು ಬಂದು ಕೈ ಹಿಡಿದು ಎಳೀರಿ. ದೊಡ್ಡ ರೋಗದ ಕೈ ಇದು. ಮುಟ್ಟೋ ಧೈರ್ಯ ಇದ್ರೆ ಬನ್ನಿ."

ಏಜಾಜ್ ಸಾಹೇಬರ ಎರಡೂ ಕೈ ತಾವಾಗಿ ಜುಬ್ಬಾದ ಜೇಬು ಸೇರಿದವು.

ಪರದೆಯಾಚೆ ಯಾರೋ ಬಿಕ್ಕಿದರು. ಅದು ವಯಸ್ಸಾದ ಗಂಟಲು. ಅಂತೂ ಅತ್ತೆಗೆ ಕರುಣೆ ಹುಟ್ಟಿತು ಎಂದುಕೊಂಡ ಕದಿರೇಶ.

"ಮಾತ್ರೆ ಕೊಡಿ ಡಾಕ್ಟರ್ ಸಾಬ್. ನಾನೇ ಬಂದು ತಗೋತೀನಿ."

ಪರದೆಯ ಒಂದು ಬದಿ ಸರಿಯಿತು. ಸೊಸೆ ಹೊರಗೆ ಬಂದರೆ ಹಿರಿಯರು ಮುಖ ತಿರುಗಿಸುವುದು ಆ ಮನೆಯ ರೀತಿ. ಸಿಟ್ಟಿನಲ್ಲೂ ಏಜಾಜ್ ಸಾಹೇಬರು ರೀತಿ ಬಿಡಲಿಲ್ಲ. ಗೋಡೆಯ ಕಡೆ ತಿರುಗಿ ನಿಂತರು.

ತಲೆಯ ಮೇಲೆ ಸೆರಗು ಹೊದ್ದು ರಹಮತುನ್ನೀಸಾ ಅವನೆದುರು ನಿಂತಳು. ಕೈ ಚಾಚಿದಳು. ಮಣಿಕಟ್ಟಿನಲ್ಲಿ, ಬಳೆಗಳ ನಡುವೆ, ಯಾರೋ ಬಿಗಿಯಾಗಿ ಹಿಡಿದಿದ್ದ ಬೆರಳುಗಳ ಕೆಂಪು ಗುರುತಿತ್ತು.

ಮಾತ್ರೆಯ ಪೊಟ್ಟಣ ಕೊಟ್ಟು, ಅಭ್ಯಾಸಬಲದಿಂದ ಕದಿರೇಶ ಅವಳ ಕಾಲು ನೋಡಿದ. ಬಹಳ ಹೊತ್ತು ನೋಡಿದ. ತಲೆಯೆತ್ತಿದಾಗ ಅವಳು ಅವನನ್ನೇ ದಿಟ್ಟಿಸುತ್ತಿದ್ದಳು. ಹೇಳುವುದಿದ್ದರೆ ಈಗ ಹೇಳು ಎನ್ನುವಂತಿತ್ತು ಆ ನೋಟ.

ಅವನು ಏಜಾಜ್ ಸಾಹೇಬರ ಬೆನ್ನು ನೋಡಿದ. ಚೀಲಕ್ಕೆ ಕೈಹಾಕಿ ಇನ್ನೊಂದು ಸುರುಳಿ ಪಟ್ಟಿ ತೆಗೆದು ಪೊಟ್ಟಣದ ಮೇಲಿಟ್ಟ.

"ದಿನಾ ಕಟ್ಕೊಳ್ಳಿ," ಎಂದ, ಗೋಡೆಗೂ ಕೇಳಿಸುವಂತೆ. "ಬಲಗಾಲಿಗೆ. ಎಲ್ಲರಿಗೂ ಕಾಣೋ ಹಾಗೆ."

ಅವನು ಆಗತಾನೆ ಪಟ್ಟಿ ಸುತ್ತಿದ್ದ ಪಾದ ಪರದೆಯ ಕೆಳಗೆ, ಚಾಪೆಯ ಮೇಲೆ, ಇನ್ನೂ ನಡುಗುತ್ತಿತ್ತು.